ಆನ್‌ಲೈನ್ ಹರಾಜು ಕಟ್ಟುವುದು ಹೇಗೆ: ಯಾವ ಡಿಸೈನ್ ಪ್ಯಾಟರ್ನ್ ಎಲ್ಲಿ, ಯಾಕೆ

ಆನ್‌ಲೈನ್ ಹರಾಜು ಹೊರಗಿನಿಂದ ನೋಡಿದರೆ ತುಂಬಾ ಸರಳ. ಒಂದು ವಸ್ತು, ಈಗಿನ ಬೆಲೆ, ಇಳಿಯುತ್ತಿರುವ ಗಡಿಯಾರ, ಬಿಡ್ ಹಾಕಲು ಒಂದು ಬಟನ್. ಇಷ್ಟನ್ನು ಯಾರು ಬೇಕಾದರೂ ಬೇಗ ಕಟ್ಟಬಹುದು. ಕಷ್ಟ ಶುರುವಾಗುವುದು ಕೊನೆಯ ನಿಮಿಷದಲ್ಲಿ. ಒಂದೇ ವಸ್ತುವಿಗೆ ನೂರಾರು ಜನ ಒಟ್ಟಿಗೆ ಮುಗಿಬಿದ್ದಾಗ ಯಾರ ಬಿಡ್ ಮೊದಲು, ಯಾರದ್ದು ಆಮೇಲೆ ಅನ್ನುವುದಕ್ಕೆ ಒಂದೇ ಉತ್ತರ ಇರಬೇಕು, ನಾಳೆ ಯಾರು ಬಂದು ಕೇಳಿದರೂ ಅದೇ ಉತ್ತರ ಸಿಗಬೇಕು. ಇದೊಂದು ಸರಿ ಇದ್ದರೆ ಡಿಸೈನ್ ಪ್ಯಾಟರ್ನ್‌ಗಳನ್ನು, ಅಂದರೆ ಕೋಡ್ ಜೋಡಿಸುವ ಹೆಸರಾಂತ ಮಾದರಿಗಳನ್ನು, ಎಲ್ಲಿ ಕೂರಿಸಬೇಕು ಅಂತ ಗೊತ್ತಾಗುತ್ತಾ ಹೋಗುತ್ತದೆ. ಇದು ಕೆಟ್ಟರೆ ಎಷ್ಟು ಪ್ಯಾಟರ್ನ್ ತುಂಬಿದರೂ ಪ್ರಯೋಜನ ಇಲ್ಲ.

ಹರಾಜನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಪ್ಯಾಟರ್ನ್ ಕಲಿಸುವ ಬರಹಗಳು ಬೇಕಾದಷ್ಟಿವೆ. ಹೆಚ್ಚಿನವುಗಳಲ್ಲಿ ಒಂದು ಸಿಂಗಲ್‌ಟನ್ (ಪ್ರೋಗ್ರಾಮಿನಲ್ಲಿ ಒಂದೇ ಒಂದು ಇರುವ ಆಬ್ಜೆಕ್ಟ್) 'ಆಕ್ಷನ್ ಮ್ಯಾನೇಜರ್' ಇರುತ್ತದೆ, ಅದಕ್ಕೆ ಒಂದಷ್ಟು ಅಬ್ಸರ್ವರ್‌ಗಳು (ಬದಲಾವಣೆ ಆದಾಗ ಸುದ್ದಿ ಪಡೆಯುವವು), ಎಲ್ಲವೂ ಒಂದೇ ಪ್ರೋಗ್ರಾಮಿನ ಮೆಮೊರಿಯಲ್ಲಿ. ಪರೀಕ್ಷೆಯಲ್ಲಿ ಬರೆಯಲು ಅಷ್ಟು ಸಾಕು. ಆದರೆ ಸರ್ವರ್ ಎರಡಾದ ಕೂಡಲೇ ಸಿಂಗಲ್‌ಟನ್ ಕೂಡ ಎರಡಾಗುತ್ತದೆ, ಎರಡೂ ತಮ್ಮ ತಮ್ಮ 'ಈಗಿನ ಬೆಲೆ' ಇಟ್ಟುಕೊಂಡು ಕೂರುತ್ತವೆ. ಹಾಗಾಗಿ ಇಲ್ಲಿ ಡೇಟಾಬೇಸ್ ಇರುವ, ಹಲವು ಸರ್ವರ್‌ಗಳಿರುವ, ನೆಟ್‌ವರ್ಕ್ ಆಗಾಗ ಕೈಕೊಡುವ ನಿಜವಾದ ಪರಿಸ್ಥಿತಿಯನ್ನೇ ಇಟ್ಟುಕೊಂಡು ಹೋಗೋಣ.

ಹಂತ 1: ಕೋಡ್‌ಗಿಂತ ಮೊದಲು ನಿಯಮ ಬರೆಯಿರಿ

ಹರಾಜಿನಲ್ಲಿ ಹಲವು ಬಗೆ. ಬೆಲೆ ಏರುತ್ತಾ ಹೋಗುವುದು ಇಂಗ್ಲಿಷ್ ಹರಾಜು. ಮೇಲಿನಿಂದ ಇಳಿಯುತ್ತಾ ಬಂದು, ಮೊದಲು ಒಪ್ಪಿದವರಿಗೆ ಸಿಗುವುದು ಡಚ್ ಹರಾಜು. ಯಾರ ಬಿಡ್ ಯಾರಿಗೂ ಕಾಣದ್ದು ಮುಚ್ಚಿದ ಲಕೋಟೆಯ ಹರಾಜು. ಅದರಲ್ಲೇ ಅತಿ ಹೆಚ್ಚು ಹಾಕಿದವರು ಗೆದ್ದು, ಎರಡನೇ ಸ್ಥಾನದವರು ಹಾಕಿದ ಬೆಲೆಯನ್ನು ಕೊಡುವ ಪದ್ಧತಿಗೆ ವಿಕ್ರಿ ಹರಾಜು ಅನ್ನುತ್ತಾರೆ. ವಿಲಿಯಂ ವಿಕ್ರಿ 1961ರ ಪ್ರಬಂಧದಲ್ಲಿ ಇದನ್ನು ಬಿಡಿಸಿಟ್ಟರು, 1996ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಕೂಡ ಬಂತು. ನಿಮ್ಮದು ಯಾವುದು ಅಂತ ಮೊದಲೇ ತೀರ್ಮಾನ ಆಗಿರಬೇಕು, ಯಾಕೆಂದರೆ ಮುಂದಿನ ಹಂತಗಳೆಲ್ಲ ಅದರ ಮೇಲೆ ನಿಂತಿವೆ.

ಆಮೇಲೆ ಈ ಪ್ರಶ್ನೆಗಳಿಗೆ ಒಂದೊಂದು ಸಾಲಿನ ಉತ್ತರ ಬರೆದಿಡಿ:

- ಶುರುವಿನ ಬೆಲೆ ಎಷ್ಟು, ಒಂದು ಬಿಡ್‌ನಿಂದ ಇನ್ನೊಂದಕ್ಕೆ ಕನಿಷ್ಠ ಎಷ್ಟು ಏರಬೇಕು?
- ಮಾರುವವರು ಗುಟ್ಟಾಗಿ ಇಟ್ಟ ಕನಿಷ್ಠ ಬೆಲೆ, ಅಂದರೆ ರಿಸರ್ವ್, ಇದೆಯಾ? ಅದನ್ನು ಮುಟ್ಟದಿದ್ದರೆ ಏನು?
- ಇಬ್ಬರು ಒಂದೇ ಮೊತ್ತ ಹಾಕಿದರೆ ಯಾರು ಮುಂದೆ?
- ಹಾಕಿದ ಬಿಡ್ ವಾಪಸ್ ತೆಗೆಯಬಹುದಾ?
- ಹರಾಜು ನಿಗದಿಯಾದ ಸಮಯಕ್ಕೆ ಮುಗಿಯುತ್ತದಾ, ಕೊನೆಯಲ್ಲಿ ಬಿಡ್ ಬಂದರೆ ಮುಂದಕ್ಕೆ ಹೋಗುತ್ತದಾ?

ಕೊನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಆಕನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಬೇ ಮತ್ತು ಅಮೆಜಾನ್ ಹರಾಜುಗಳನ್ನು ಹೋಲಿಸಿದ್ದರು. ಇಬೇಯಲ್ಲಿ ಮುಗಿಯುವ ಸಮಯ ಕಟ್ಟುನಿಟ್ಟು, ಅಮೆಜಾನ್‌ನಲ್ಲಿ ಕೊನೆಯ ಬಿಡ್ ಆದ ಮೇಲೆ 10 ನಿಮಿಷ ಸುಮ್ಮನೆ ಕಳೆದರೆ ಮಾತ್ರ ಮುಗಿಯುತ್ತಿತ್ತು. ಕೊನೆಯ ಗಳಿಗೆಯ ಬಿಡ್‌ಗಳು ಇಬೇಯಲ್ಲೇ ತುಂಬಾ ಜಾಸ್ತಿ ಇದ್ದವು. ನೀವು ಬರೆಯುವ ಒಂದು ಸಾಲಿನ ನಿಯಮ ಜನರ ನಡವಳಿಕೆಯನ್ನೂ ಬದಲಿಸುತ್ತದೆ, ನಿಮ್ಮ ಸರ್ವರ್ ಮೇಲೆ ಭಾರ ಯಾವಾಗ ಬೀಳುತ್ತದೆ ಅನ್ನುವುದನ್ನೂ ಬದಲಿಸುತ್ತದೆ.

ಹಂತ 2: ದುಡ್ಡು, ಸಮಯ, ಕ್ರಮಸಂಖ್ಯೆ

ಮೊತ್ತವನ್ನು ಫ್ಲೋಟ್‌ನಲ್ಲಿ, ಅಂದರೆ ಕಂಪ್ಯೂಟರ್‌ನ ಅಂದಾಜು ದಶಮಾಂಶದಲ್ಲಿ, ಇಡಬೇಡಿ. 0.1 ಮತ್ತು 0.2 ಕೂಡಿದರೆ ಬರುವುದು 0.30000000000000004. 'ಹೊಸ ಬಿಡ್ ಕನಿಷ್ಠ ಇಷ್ಟಿರಬೇಕು' ಅಂತ ಹೋಲಿಸುವ ಕೋಡ್‌ನಲ್ಲಿ ಈ ಪುಡಿ ವ್ಯತ್ಯಾಸವೇ ಸರಿಯಾದ ಬಿಡ್ ಒಂದನ್ನು ತಳ್ಳಿಹಾಕುತ್ತದೆ. ಹಣದ ಅತಿ ಚಿಕ್ಕ ಘಟಕದಲ್ಲಿ ಪೂರ್ಣಾಂಕವಾಗಿ ಇಡಿ, ಪಕ್ಕದಲ್ಲೇ ಕರೆನ್ಸಿ ಇರಲಿ, ಎರಡನ್ನೂ ಸೇರಿಸಿ ಒಂದು ವ್ಯಾಲ್ಯೂ ಆಬ್ಜೆಕ್ಟ್ (ಮೌಲ್ಯವೇ ಗುರುತಾದ, ಬದಲಾಗದ ಚಿಕ್ಕ ಆಬ್ಜೆಕ್ಟ್) ಮಾಡಿ.

ಬಿಡ್‌ಗಳ ಟೇಬಲ್‌ಗೆ ಸಾಲು ಸೇರಿಸುವುದು ಮಾತ್ರ, ತಿದ್ದುವುದೂ ಇಲ್ಲ ಅಳಿಸುವುದೂ ಇಲ್ಲ. ವಾಪಸ್ ತೆಗೆಯಲು ಅವಕಾಶ ಇದ್ದರೆ ಅದೂ ಇನ್ನೊಂದು ಹೊಸ ಸಾಲು. ತಿರಸ್ಕಾರವಾದ ಬಿಡ್‌ಗಳನ್ನೂ ಕಾರಣದ ಸಮೇತ ಇಟ್ಟುಕೊಳ್ಳಿ. ಹರಾಜು ಮುಗಿದ ಮೇಲೆ 'ನಾನು ಹಾಕಿದ್ದೆ, ತಗೊಳ್ಳಲಿಲ್ಲ' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ, ಆಗ ತೋರಿಸಲು ದಾಖಲೆ ಬೇಕು.

ಪ್ರತಿ ಹರಾಜಿಗೂ ತನ್ನದೇ ಕ್ರಮಸಂಖ್ಯೆ ಇರಲಿ: 1, 2, 3 ಹೀಗೆ. ಬಿಡ್‌ಗಳ ಕ್ರಮ ತೀರ್ಮಾನ ಆಗುವುದು ಈ ಸಂಖ್ಯೆಯಿಂದ, ಗಡಿಯಾರದಿಂದ ಬೇಡ. ಕಾರಣ ಬಹಳ ಸೂಕ್ಷ್ಮ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 'ನೌ' ಫಂಕ್ಷನ್ ಕೊಡುವುದು ಟ್ರಾನ್ಸಾಕ್ಷನ್ (ಪೂರ್ತಿ ಆಗುವ ಇಲ್ಲವೇ ಏನೂ ಆಗದ ಕೆಲಸಗಳ ಗುಂಪು) ಶುರುವಾದ ಸಮಯವನ್ನು. ಒಂದು ಬಿಡ್ ಮೊದಲು ಟ್ರಾನ್ಸಾಕ್ಷನ್ ಶುರು ಮಾಡಿ ಲಾಕ್‌ಗಾಗಿ, ಅಂದರೆ ಹರಾಜಿನ ಸಾಲನ್ನು ತಾನೊಂದೇ ಬದಲಿಸುವ ಹಕ್ಕಿಗಾಗಿ, ಕಾಯುತ್ತಿರುವಾಗ, ಆಮೇಲೆ ಶುರುವಾದ ಇನ್ನೊಂದು ಬಿಡ್ ಮೊದಲೇ ಲಾಕ್ ಪಡೆದು ಕೆಲಸ ಮುಗಿಸಿರಬಹುದು. ಸಮಯದ ಪ್ರಕಾರ ಜೋಡಿಸಿದರೆ ಮೊದಲನೆಯದು ಮುಂದೆ, ನಿಜವಾಗಿ ನಡೆದದ್ದು ತಿರುಗುಮುರುಗು. ನಿಜವಾದ ಆ ಕ್ಷಣದ ಸಮಯ ಬೇಕಾದರೆ 'ಕ್ಲಾಕ್ ಟೈಮ್‌ಸ್ಟ್ಯಾಂಪ್' ಫಂಕ್ಷನ್ ಬಳಸಿ, ಅದೂ ಲಾಕ್ ಸಿಕ್ಕ ಮೇಲೆ. ಬ್ರೌಸರ್ ಕಳಿಸುವ ಸಮಯವನ್ನಂತೂ ಯಾವುದಕ್ಕೂ ನಂಬಬೇಡಿ.

ಹಂತ 3: ಸ್ಟೇಟ್ ಪ್ಯಾಟರ್ನ್, ಆದರೆ ಅಳತೆಯಲ್ಲಿ

ಒಂದು ಹರಾಜು ಕರಡಿನಿಂದ ಶುರುವಾಗಿ ನಿಗದಿ, ಚಾಲ್ತಿ, ಮುಕ್ತಾಯ, ಇತ್ಯರ್ಥ ಅಂತ ಸಾಗುತ್ತದೆ, ಮಧ್ಯದಲ್ಲಿ ಎಲ್ಲೋ ರದ್ದೂ ಆಗಬಹುದು. 'ಚಾಲ್ತಿಯಲ್ಲಿದೆ', 'ಮುಗಿದಿದೆ', 'ರದ್ದಾಗಿದೆ' ಅಂತ ಮೂರು ನಾಲ್ಕು ಬೂಲಿಯನ್ (ಹೌದು/ಇಲ್ಲ) ಕಾಲಮ್ ಇಟ್ಟರೆ ಒಂದು ದಿನ ಚಾಲ್ತಿಯಲ್ಲೂ ಇರುವ, ರದ್ದೂ ಆಗಿರುವ ಹರಾಜು ಕಣ್ಣಿಗೆ ಬೀಳುತ್ತದೆ. ಒಂದೇ ಸ್ಥಿತಿ ಕಾಲಮ್ ಸಾಕು.

ಕ್ಲಾಸಿಕ್ ಸ್ಟೇಟ್ ಪ್ಯಾಟರ್ನ್ ಹೇಳುವುದು ಪ್ರತಿ ಸ್ಥಿತಿಗೂ ಒಂದು ಕ್ಲಾಸ್ ಮಾಡಿ ಅಂತ. ನನ್ನ ಅಭಿಪ್ರಾಯದಲ್ಲಿ ಹರಾಜಿಗೆ ಅಷ್ಟು ಬೇಡ. 'ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಹೋಗಬಹುದು' ಅನ್ನುವ ಒಂದು ಚಿಕ್ಕ ಪಟ್ಟಿ ಕೋಡ್‌ನಲ್ಲಿ ಒಂದೇ ಕಡೆ ಇದ್ದರೆ ಕೆಲಸ ನಡೆಯುತ್ತದೆ, ಓದುವವರಿಗೂ ಒಂದೇ ನೋಟಕ್ಕೆ ಅರ್ಥ ಆಗುತ್ತದೆ. ಸ್ಥಿತಿಗೆ ತಕ್ಕಂತೆ ನಡವಳಿಕೆ ನಿಜಕ್ಕೂ ತುಂಬಾ ಬೇರೆಯಾದಾಗ ಕ್ಲಾಸ್‌ಗಳಿಗೆ ಹೋಗಿ.

ಇನ್ನೊಂದು ಮಾತು. ಬಿಡ್ ಸ್ವೀಕರಿಸುವಾಗ ಸ್ಥಿತಿ 'ಚಾಲ್ತಿ' ಅಂತ ನೋಡಿದರಷ್ಟೇ ಸಾಲದು, ಮುಗಿಯುವ ಸಮಯ ದಾಟಿದೆಯಾ ಅಂತಲೂ ನೋಡಬೇಕು. ಮುಕ್ತಾಯ ಮಾಡುವ ಜಾಬ್ ಮೂರು ಸೆಕೆಂಡ್ ತಡವಾಗಿ ಓಡಿದರೆ ಆ ಮೂರು ಸೆಕೆಂಡ್‌ನಲ್ಲಿ ಬಿಡ್ ಒಳಗೆ ಬರಬಾರದು, ಅಲ್ವಾ?

ಹಂತ 4: ಬೆಲೆ ಲೆಕ್ಕ ಸ್ಟ್ರಾಟೆಜಿಗೆ

ಹರಾಜಿನ ಬಗೆ ಬದಲಾದಾಗ ನಿಜವಾಗಿ ಬದಲಾಗುವುದು ಬೆಲೆ ಮತ್ತು ಮುಂದಿರುವವರನ್ನು ಲೆಕ್ಕ ಹಾಕುವ ಭಾಗ. ಲೆಕ್ಕದ ವಿಧಾನವನ್ನು ಬೇಕಾದಂತೆ ಬದಲಿಸಿ ಕೂರಿಸುವ ಸ್ಟ್ರಾಟೆಜಿ ಪ್ಯಾಟರ್ನ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಆ ಸ್ಟ್ರಾಟೆಜಿ ಒಂದು ಶುದ್ಧ ಫಂಕ್ಷನ್ ಆಗಿರಲಿ: ಈಗಿನ ಪರಿಸ್ಥಿತಿ ಮತ್ತು ಹೊಸ ಬಿಡ್ ಒಳಗೆ ಹೋಗುತ್ತದೆ, ಹೊಸ ಪರಿಸ್ಥಿತಿ ಅಥವಾ ತಿರಸ್ಕಾರದ ಕಾರಣ ಹೊರಗೆ ಬರುತ್ತದೆ. ಡೇಟಾಬೇಸ್ ಮುಟ್ಟುವುದಿಲ್ಲ, ಗಡಿಯಾರ ನೋಡುವುದಿಲ್ಲ, ಇಮೇಲ್ ಕಳಿಸುವುದಿಲ್ಲ.

ಇಂಗ್ಲಿಷ್ ಹರಾಜಿನಲ್ಲಿ ಜಾಸ್ತಿ ತಪ್ಪಾಗುವುದು ಪ್ರಾಕ್ಸಿ ಬಿಡ್‌ನಲ್ಲಿ. ಬಿಡ್ ಹಾಕುವವರು ತಮ್ಮ ಗರಿಷ್ಠ ಮೊತ್ತ ಹೇಳಿ ಸುಮ್ಮನಿರುತ್ತಾರೆ, ಸಿಸ್ಟಮ್ ಅವರ ಪರವಾಗಿ ಬೇಕಾದಷ್ಟೇ ಏರಿಸುತ್ತಾ ಹೋಗುತ್ತದೆ. ಪೂರ್ತಿ ಒಂದು ಸುತ್ತು ನೋಡೋಣ. ಶುರುವಿನ ಬೆಲೆ 1000, ಏರಿಕೆ 100.

ಅ ಅನ್ನುವವರು ಗರಿಷ್ಠ 5000 ಹಾಕುತ್ತಾರೆ. ಬೇರೆ ಯಾರೂ ಇಲ್ಲ, ಆದ್ದರಿಂದ ಬೆಲೆ 1000, ಮುಂದಿರುವವರು ಅ. ಬ ಬಂದು 3000 ಹಾಕುತ್ತಾರೆ. ಅ ಅವರ ಗರಿಷ್ಠ ಅದಕ್ಕಿಂತ ಜಾಸ್ತಿ, ಹಾಗಾಗಿ ಬೆಲೆ 3100 ಆಗುತ್ತದೆ, ಅ ಮುಂದೆಯೇ ಇರುತ್ತಾರೆ. ಬ ಛಲ ಬಿಡದೆ 5000 ಹಾಕುತ್ತಾರೆ. ಈಗ ಇಬ್ಬರದ್ದೂ ಸಮ. ಮೊದಲು ಹಾಕಿದವರಿಗೆ ಆದ್ಯತೆ ಅನ್ನುವುದು ನಿಯಮವಾಗಿದ್ದರೆ ಅ ಮುಂದೆ, ಬೆಲೆ 5000. ಇಲ್ಲಿ ಅವಸರದ ಕೋಡ್ 5000ಕ್ಕೆ 100 ಸೇರಿಸಿ 5100 ಮಾಡಿಬಿಡುತ್ತದೆ, ಅಂದರೆ ಅ ಒಪ್ಪಿದ್ದಕ್ಕಿಂತ ಜಾಸ್ತಿ ಮೊತ್ತ ಅವರ ತಲೆಗೆ ಕಟ್ಟುತ್ತದೆ. ಆಮೇಲೆ ಕ ಬಂದು 5050 ಹಾಕಿದರೆ ತಿರಸ್ಕಾರ, ಕನಿಷ್ಠ 5100 ಬೇಕು. 6000 ಹಾಕಿದರೆ ಕ ಮುಂದೆ ಬರುತ್ತಾರೆ, ಬೆಲೆ 5100.

ಅದೇ ಕ, ಬೆಲೆ ಇನ್ನೂ 3100 ಇದ್ದಾಗಲೇ 5050 ಹಾಕಿದ್ದರೆ? ಆಗ ಅದು ಸರಿಯಾದ ಬಿಡ್. ಅ ಅವರ 5000ಕ್ಕಿಂತ ಜಾಸ್ತಿ ಇರುವುದರಿಂದ ಕ ಗೆಲ್ಲುತ್ತಾರೆ, ಆದರೆ ಬೆಲೆ 5100 ಆಗುವಂತಿಲ್ಲ, ಅವರು ಒಪ್ಪಿರುವುದೇ 5050. ಹಾಗಾಗಿ ಸೂತ್ರ ಇಷ್ಟೇ: ಸೋತವರ ಗರಿಷ್ಠಕ್ಕೆ ಒಂದು ಏರಿಕೆ ಸೇರಿಸಿ, ಅದು ಮತ್ತು ಗೆದ್ದವರ ಗರಿಷ್ಠ ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ಬೆಲೆ. ಇನ್ನೊಂದು ಸಂದರ್ಭವೂ ಉಂಟು. ಈಗಾಗಲೇ ಮುಂದಿರುವವರೇ ತಮ್ಮ ಗರಿಷ್ಠ ಏರಿಸಿದರೆ ಬೆಲೆ ಹಾಗೇ ಇರಬೇಕು. ಈ ಒಂದು ಷರತ್ತು ಮರೆತರೆ ಮನುಷ್ಯ ತನ್ನ ಮೇಲೆ ತಾನೇ ಬಿಡ್ ಹಾಕಿಕೊಂಡ ಹಾಗೆ ಆಗುತ್ತದೆ. ರಿಸರ್ವ್ ಇದ್ದರೆ ಅದಕ್ಕೊಂದು ಅಪವಾದ ಬರುತ್ತದೆ: ಗರಿಷ್ಠ ಮೊತ್ತ ರಿಸರ್ವ್ ಮುಟ್ಟಿದರೆ ಬೆಲೆ ನೇರ ರಿಸರ್ವ್‌ಗೆ ಹಾರುತ್ತದೆ.

ಏರಿಕೆಯ ನಿಯಮ ಬೇರೆ ಸ್ಟ್ರಾಟೆಜಿ, ಮುಗಿಯುವ ನಿಯಮ ಇನ್ನೊಂದು ಸ್ಟ್ರಾಟೆಜಿ. ಮೂರನ್ನೂ ಒಂದೇ ಕ್ಲಾಸ್‌ಗೆ ತುರುಕಿದರೆ 'ಇಂಗ್ಲಿಷ್ ಹರಾಜು, ಶೇಕಡಾವಾರು ಏರಿಕೆ, ಸಮಯ ವಿಸ್ತರಣೆ ಇರುವುದು' ಅಂತ ಉದ್ದುದ್ದ ಹೆಸರಿನ ಕ್ಲಾಸ್‌ಗಳು ಹುಟ್ಟಿಕೊಳ್ಳುತ್ತವೆ.

ಹಂತ 5: ಒಂದು ಹರಾಜಿಗೆ ಒಂದೇ ಕ್ಯೂ

ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ಬೆಲೆ 5000 ಇದೆ. ಎರಡು ಸರ್ವರ್‌ಗಳಿಗೆ ಒಟ್ಟಿಗೆ ಎರಡು ಬಿಡ್ ಬರುತ್ತವೆ, ಒಂದು 5500, ಇನ್ನೊಂದು 5200. ಉದಾಹರಣೆ ಸುಲಭ ಆಗಲಿ ಅಂತ ಪ್ರಾಕ್ಸಿ ಇಲ್ಲ ಅಂದುಕೊಳ್ಳಿ. ಎರಡೂ ಸರ್ವರ್ ಡೇಟಾಬೇಸ್ ಓದುತ್ತವೆ, ಎರಡಕ್ಕೂ 5000 ಕಾಣುತ್ತದೆ, ಎರಡೂ 'ಸರಿ, ಇದು ಜಾಸ್ತಿ ಇದೆ' ಅಂತ ಒಪ್ಪುತ್ತವೆ. ಮೊದಲನೆಯದು 5500 ಬರೆಯುತ್ತದೆ, ಕೆಲವೇ ಮಿಲಿಸೆಕೆಂಡ್ ಆದ ಮೇಲೆ ಎರಡನೆಯದು ಅದರ ಮೇಲೆ 5200 ಬರೆಯುತ್ತದೆ. ಹರಾಜಿನಲ್ಲಿ ಬೆಲೆ ಇಳಿಯಿತು, ಕಡಿಮೆ ಹಾಕಿದವರು ಗೆದ್ದರು. ಟ್ರಾನ್ಸಾಕ್ಷನ್ ಹಾಕಿದ್ದೇವಲ್ಲ ಅಂತ ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಪೋಸ್ಟ್‌ಗ್ರೆಸ್ ತಾನಾಗಿ ಬಳಸುವ ರೀಡ್ ಕಮಿಟೆಡ್ ಮಟ್ಟದಲ್ಲಿ (ಬೇರೆಯವರು ಖಾಯಂ ಮಾಡಿದ್ದನ್ನು ಮಾತ್ರ ಓದುವ ಮಟ್ಟ) ಇದು ಆರಾಮಾಗಿ ನಡೆಯುತ್ತದೆ.

ದಾರಿ ಮೂರು ಇವೆ.

ಮೊದಲನೆಯದು ಲಾಕ್ ಹಾಕಿ ಓದುವುದು. ಹರಾಜಿನ ಸಾಲನ್ನು 'ಸೆಲೆಕ್ಟ್ ಫಾರ್ ಅಪ್‌ಡೇಟ್' ಮೂಲಕ ಓದಿದರೆ ಆ ಟ್ರಾನ್ಸಾಕ್ಷನ್ ಮುಗಿಯುವ ತನಕ, ಅದೇ ರೀತಿ ಲಾಕ್ ಕೇಳುವ ಉಳಿದವರೆಲ್ಲ ಕಾಯುತ್ತಾರೆ. ಸರಳ, ನಂಬಬಹುದು. ನಾನು ಯಾರಿಗಾದರೂ ಮೊದಲು ಹೇಳುವುದು ಇದನ್ನೇ. ಒಂದೇ ಷರತ್ತು: ಲಾಕ್ ಹಿಡಿದುಕೊಂಡು ಹೊರಗಿನ ಯಾವ ಸೇವೆಯನ್ನೂ ಕರೆಯಬೇಡಿ. ಲಾಕ್ ಒಳಗಿನ ಕೆಲಸ 5 ಮಿಲಿಸೆಕೆಂಡ್ ತೆಗೆದುಕೊಂಡರೆ ಒಂದು ಹರಾಜು ಸೆಕೆಂಡಿಗೆ 200 ಬಿಡ್ ತಡೆದುಕೊಳ್ಳುತ್ತದೆ. ಅದೇ ಲಾಕ್ ಒಳಗೆ ಅರ್ಧ ಸೆಕೆಂಡಿನ ಪೇಮೆಂಟ್ ಕರೆ ಸೇರಿಸಿದರೆ ಸೆಕೆಂಡಿಗೆ ಎರಡೇ ಬಿಡ್.

ಎರಡನೆಯದು ಆಪ್ಟಿಮಿಸ್ಟಿಕ್ ಲಾಕ್. ಸಾಲಿನಲ್ಲಿ ಒಂದು ವರ್ಷನ್ ಸಂಖ್ಯೆ ಇರುತ್ತದೆ. 'ವರ್ಷನ್ ಇನ್ನೂ 41 ಇದ್ದರೆ ಮಾತ್ರ ಬದಲಿಸಿ 42 ಮಾಡು' ಅಂತ ಬರೆಯುತ್ತೀರಿ. ಬದಲಾದ ಸಾಲು ಸೊನ್ನೆ ಬಂದರೆ ಯಾರೋ ನಡುವೆ ಬಂದಿದ್ದಾರೆ ಅಂತ ಅರ್ಥ, ಮತ್ತೆ ಓದಿ ಮತ್ತೆ ಪ್ರಯತ್ನಿಸಬೇಕು. ಜನ ಕಡಿಮೆ ಇದ್ದಾಗ ಚೆನ್ನಾಗಿ ನಡೆಯುತ್ತದೆ. ಆದರೆ ಹರಾಜಿನ ಕೊನೆಯ ನಿಮಿಷದಲ್ಲಿ ಎಲ್ಲರೂ ಒಂದೇ ಸಾಲಿಗೆ ಬಡಿದಾಡುತ್ತಾರೆ, ಮರುಪ್ರಯತ್ನಗಳೇ ರಾಶಿ ಬೀಳುತ್ತವೆ, ಯಾರು ಮುಂದೆ ಹೋಗುತ್ತಾರೆ ಅನ್ನುವುದು ಅದೃಷ್ಟದ ಮಾತಾಗುತ್ತದೆ. ಇದು ನ್ಯಾಯ ಅನ್ನಿಸುವುದಿಲ್ಲ, ಅದಕ್ಕೇ ಬಿಸಿ ಹರಾಜುಗಳಿಗೆ ಇದನ್ನು ನಾನು ಆರಿಸುವುದಿಲ್ಲ.

ಮೂರನೆಯದು ಒಬ್ಬನೇ ಬರೆಯುವವನು ಅನ್ನುವ ಪದ್ಧತಿ. ಕಾರ್ಲ್ ಹ್ಯೂಯಿಟ್ ಮತ್ತು ಜೊತೆಗಾರರು 1973ರಲ್ಲಿ ಮುಂದಿಟ್ಟ ಆಕ್ಟರ್ ಮಾಡೆಲ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪ್ರತಿ ಹರಾಜಿಗೂ ಒಂದು ಆಕ್ಟರ್, ಅದರ ಮುಂದೆ ಒಂದು ಕ್ಯೂ, ಒಂದು ಸಲಕ್ಕೆ ಒಂದೇ ಬಿಡ್. ಕಾಫ್ಕಾ ಅನ್ನುವ ಸಂದೇಶ ಸಾಗಿಸುವ ವ್ಯವಸ್ಥೆ ಬಳಸುವವರು ಹರಾಜಿನ ಐಡಿಯನ್ನೇ ಕೀ ಮಾಡಿದರೆ ಒಂದು ಹರಾಜಿನ ಬಿಡ್‌ಗಳೆಲ್ಲ ಒಂದೇ ಪಾರ್ಟಿಷನ್‌ಗೆ, ಅಂದರೆ ಟಾಪಿಕ್ ಅನ್ನುವ ಸಂದೇಶಗಳ ಸರಣಿಯ ಒಂದು ಭಾಗಕ್ಕೆ, ಹೋಗುತ್ತವೆ. ಕಾಫ್ಕಾ ಕ್ರಮವನ್ನು ಕಾಪಾಡುವುದು ಪಾರ್ಟಿಷನ್ ಒಳಗೆ ಮಾತ್ರ, ಟಾಪಿಕ್ ಪೂರ್ತಿ ಕಾಪಾಡುವುದಿಲ್ಲ, ಇದನ್ನು ನೆನಪಿಡಿ. ವೇಗ ಚೆನ್ನಾಗಿ ಸಿಗುತ್ತದೆ. ಆದರೆ ಆಕ್ಟರ್ ಓಡುತ್ತಿದ್ದ ಸರ್ವರ್ ಬಿದ್ದರೆ ಬೇರೆ ಸರ್ವರ್ ಅದನ್ನು ಎತ್ತಿಕೊಳ್ಳಬೇಕು, ಹಳೆಯದು ಇನ್ನೂ ಬದುಕಿದ್ದು ಬರೆಯುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಆ ಖಾತ್ರಿಗೆ ಡೇಟಾಬೇಸ್‌ನಲ್ಲಿ ಹರಾಜಿನ ಐಡಿ ಮತ್ತು ಕ್ರಮಸಂಖ್ಯೆ ಸೇರಿಸಿ ಒಂದು ಯುನಿಕ್ ಕಟ್ಟುಪಾಡು ಹಾಕಿ. ಇಬ್ಬರು 58ನೇ ಬಿಡ್ ಬರೆಯಲು ಬಂದರೆ ಒಬ್ಬರಿಗೆ ಎರರ್ ಬರುತ್ತದೆ. ಈ ಕಟ್ಟುಪಾಡು ಮೂರೂ ದಾರಿಗಳಲ್ಲಿ ಇರಲಿ, ಖರ್ಚು ಕಡಿಮೆ, ರಕ್ಷಣೆ ಜಾಸ್ತಿ.

ಹಂತ 6: ಬಿಡ್ ಒಂದು ಕಮಾಂಡ್

ಬಿಡ್ ಹಾಕುವ ಕೋರಿಕೆಯನ್ನು ಕಮಾಂಡ್ ಆಬ್ಜೆಕ್ಟ್ ಆಗಿ ಕಟ್ಟಿ: ಯಾವ ಹರಾಜು, ಯಾರು, ಎಷ್ಟು ಗರಿಷ್ಠ, ಜೊತೆಗೆ ಬ್ರೌಸರ್ ಹುಟ್ಟಿಸಿದ ಒಂದು ಐಡೆಂಪೊಟೆನ್ಸಿ ಕೀ. ಮೊಬೈಲ್ ನೆಟ್‌ವರ್ಕ್‌ನಲ್ಲಿ ಕೋರಿಕೆ ತಲುಪಿ ಉತ್ತರ ಮಾತ್ರ ಕಳೆದುಹೋಗುವುದು ದಿನಾ ನಡೆಯುವ ಸಂಗತಿ. ಆಪ್ ಮತ್ತೆ ಕಳಿಸುತ್ತದೆ. ಅದೇ ಕೀ ಎರಡನೇ ಸಲ ಬಂದರೆ ಹೊಸದಾಗಿ ಏನೂ ಮಾಡದೆ ಹಿಂದಿನ ಉತ್ತರವನ್ನೇ ಕೊಡಿ. ಕೀ ಉಳಿಸುವುದು ಬಿಡ್ ಬರೆಯುವ ಅದೇ ಟ್ರಾನ್ಸಾಕ್ಷನ್‌ನಲ್ಲಿ ಆಗಬೇಕು, ಇಲ್ಲದಿದ್ದರೆ ಎರಡರ ನಡುವೆ ಸರ್ವರ್ ಬಿದ್ದಾಗ ಅದೇ ತೊಂದರೆ ವಾಪಸ್ ಬರುತ್ತದೆ.

ಪರಿಶೀಲನೆಗಳನ್ನು ಚೈನ್ ಆಫ್ ರೆಸ್ಪಾನ್ಸಿಬಿಲಿಟಿ ರೀತಿ, ಅಂದರೆ ಒಂದಾದ ಮೇಲೊಂದು ಸರಪಳಿಯಂತೆ, ಜೋಡಿಸಿ, ಅಗ್ಗದವು ಮೊದಲು. ಲಾಗಿನ್ ಆಗಿದ್ದಾರಾ, ಮೊತ್ತ ಧನಾತ್ಮಕವಾ, ತಮ್ಮದೇ ವಸ್ತುವಿಗೆ ಬಿಡ್ ಹಾಕುತ್ತಿದ್ದಾರಾ, ಒಬ್ಬರೇ ತೀರಾ ಬೇಗ ಬೇಗ ಹಾಕುತ್ತಿದ್ದಾರಾ: ಇವೆಲ್ಲ ಲಾಕ್‌ಗಿಂತ ಹೊರಗೆ. ಬೆಲೆ ಮತ್ತು ಸಮಯದ ಪರಿಶೀಲನೆ ಮಾತ್ರ ಲಾಕ್ ಒಳಗೆ. ಹೊರಗೆ ಒಂದು ಸಲ ನೋಡಿದ್ದರೂ ಒಳಗೆ ಮತ್ತೆ ನೋಡಲೇಬೇಕು, ನಡುವೆ ಬೆಲೆ ಬದಲಾಗಿರುತ್ತದೆ.

ಹಂತ 7: ಎಲ್ಲರಿಗೂ ಸುದ್ದಿ ಮುಟ್ಟಿಸುವುದು

ಅಬ್ಸರ್ವರ್ ಪ್ಯಾಟರ್ನ್ ಇಲ್ಲಿ ಬರುತ್ತದೆ, ಆದರೆ ಮೆಮೊರಿ ಒಳಗಿನ ಅಬ್ಸರ್ವರ್ ಸಾಲದು. ಬಿಡ್ ಕಮಿಟ್ ಆಯಿತು, ಅಂದರೆ ಡೇಟಾಬೇಸ್‌ನಲ್ಲಿ ಖಾಯಂ ಆಯಿತು, ಸುದ್ದಿ ಕಳಿಸುವ ಮೊದಲೇ ಪ್ರೋಗ್ರಾಮ್ ಸತ್ತಿತು ಅಂದುಕೊಳ್ಳಿ. ಬೆಲೆ ಬದಲಾಗಿದೆ, ಯಾರಿಗೂ ಗೊತ್ತಿಲ್ಲ. ಮೊದಲು ಸುದ್ದಿ ಕಳಿಸಿ ಆಮೇಲೆ ಕಮಿಟ್ ಮಾಡಿದರೆ ಇನ್ನೂ ಕೆಟ್ಟದ್ದು, ಆಗದೇ ಇದ್ದ ಬಿಡ್ ಎಲ್ಲರ ಪರದೆ ಮೇಲೆ ಬರುತ್ತದೆ. ಇದಕ್ಕೆ ಪರಿಹಾರ ಔಟ್‌ಬಾಕ್ಸ್ ಪ್ಯಾಟರ್ನ್. ಬಿಡ್ ಬರೆಯುವ ಟ್ರಾನ್ಸಾಕ್ಷನ್‌ನಲ್ಲೇ ಔಟ್‌ಬಾಕ್ಸ್ ಟೇಬಲ್‌ಗೆ ಒಂದು ಈವೆಂಟ್ ಸಾಲು ಬರೆಯಿರಿ. ಬೇರೊಂದು ಪ್ರೋಸೆಸ್ ಅದನ್ನು ಓದಿ ಕಳಿಸಲಿ. ಒಂದೇ ಈವೆಂಟ್ ಎರಡು ಸಲ ಹೋಗಬಹುದು, ಆದರೆ ತಪ್ಪಿಹೋಗುವುದಿಲ್ಲ. ಪಡೆಯುವವರು ಕ್ರಮಸಂಖ್ಯೆ ನೋಡಿ ಹಳೆಯದನ್ನು ಬಿಟ್ಟುಬಿಡುತ್ತಾರೆ.

ಬ್ರೌಸರ್ ತನಕ ಮುಟ್ಟಿಸಲು ವೆಬ್‌ಸಾಕೆಟ್ (ಎರಡೂ ಕಡೆಯಿಂದ ಮಾತಾಡಬಹುದಾದ ತೆರೆದ ಸಂಪರ್ಕ) ಬಳಸಬಹುದು, ಸರ್ವರ್ ಸೆಂಟ್ ಈವೆಂಟ್ಸ್ (ಸರ್ವರ್‌ನಿಂದ ಬ್ರೌಸರ್‌ಗೆ ಮಾತ್ರ) ಕೂಡ ಸಾಕು, ಯಾಕೆಂದರೆ ಸುದ್ದಿ ಹೋಗುವುದು ಒಂದೇ ದಿಕ್ಕಿಗೆ. ಬಿಡ್ ಹಾಕುವುದನ್ನು ಮಾಮೂಲಿ ಎಚ್‌ಟಿಟಿಪಿ ಪೋಸ್ಟ್‌ನಲ್ಲೇ ಇಡಿ. ಬ್ರೌಸರ್‌ಗೆ 57ರ ನಂತರ ನೇರ 59 ಬಂದರೆ ನಡುವೆ ಒಂದು ತಪ್ಪಿದೆ ಅಂತ ಗೊತ್ತಾಗುತ್ತದೆ, ಆಗ ಪೂರ್ತಿ ಪರಿಸ್ಥಿತಿಯನ್ನು ಮತ್ತೊಮ್ಮೆ ತರಿಸಿಕೊಳ್ಳಲಿ. ಸಂದೇಶ ಹಂಚುವ ರೆಡಿಸ್ ಪಬ್‌ಸಬ್ ನಡುವೆ ಇದ್ದರೆ ಇದು ಬೇಕೇ ಬೇಕು, ಸಂಪರ್ಕ ಕಡಿದಿದ್ದಾಗ ಹೋದ ಸಂದೇಶವನ್ನು ಅದು ಮತ್ತೆ ಕೊಡುವುದಿಲ್ಲ.

ಗಡಿಯಾರಕ್ಕಾಗಿ ಪ್ರತಿ ಸೆಕೆಂಡ್ ಸಂದೇಶ ಕಳಿಸುವುದು ದಂಡ. ಮುಗಿಯುವ ಸಮಯ ಮತ್ತು ಸರ್ವರ್‌ನ ಈಗಿನ ಸಮಯ ಎರಡನ್ನೂ ಒಂದು ಸಲ ಕೊಟ್ಟರೆ ಬ್ರೌಸರ್ ತನ್ನ ಗಡಿಯಾರದ ವ್ಯತ್ಯಾಸ ಲೆಕ್ಕ ಹಾಕಿ ತಾನೇ ಎಣಿಸಿಕೊಳ್ಳುತ್ತದೆ.

ತುಂಬಾ ಮುಖ್ಯವಾದದ್ದು: ಈವೆಂಟ್‌ನಲ್ಲಿ ಪ್ರಾಕ್ಸಿ ಗರಿಷ್ಠ ಮೊತ್ತ ಹೋಗಬಾರದು. ಡೇಟಾಬೇಸ್ ಸಾಲನ್ನು ಹಾಗೇ ಜೇಸನ್ (ಡೇಟಾ ಕಳಿಸುವ ಪಠ್ಯ ರೂಪ) ಮಾಡಿ ಕಳಿಸಿದರೆ ಪರದೆಯಲ್ಲಿ ಕಾಣದಿದ್ದರೂ ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದವರಿಗೆ ಎದುರಾಳಿಯ ಗುಟ್ಟು ಪೂರ್ತಿ ಸಿಗುತ್ತದೆ. ಹೊರಗೆ ಹೋಗುವ ಈವೆಂಟ್‌ಗೆ ಬೇರೆಯೇ ಕ್ಲಾಸ್ ಮಾಡಿ, ಬೇಕಾದ ಕಾಲಮ್‌ಗಳನ್ನು ಕೈಯಾರೆ ಆರಿಸಿ ಹಾಕಿ. ರಿಸರ್ವ್ ಬೆಲೆಗೂ ಇದೇ ಮಾತು.

ಹಂತ 8: ಮುಗಿಸುವುದು

ಕೂಗುವ ಹರಾಜಿನಲ್ಲಿ 'ಒಂದು ಸಲ, ಎರಡು ಸಲ' ಅನ್ನುತ್ತಿರುವಾಗ ಯಾರಾದರೂ ಬೆಲೆ ಏರಿಸಿದರೆ ಎಣಿಕೆ ಮತ್ತೆ ಮೊದಲಿನಿಂದ ಶುರು. ಆನ್‌ಲೈನ್‌ನಲ್ಲಿ ಇದಕ್ಕೆ ಸಾಫ್ಟ್ ಕ್ಲೋಸ್ ಅನ್ನುತ್ತಾರೆ: ಕೊನೆಯ 2 ನಿಮಿಷದಲ್ಲಿ ಬಿಡ್ ಬಂದರೆ ಮುಗಿಯುವ ಸಮಯ ಆ ಕ್ಷಣದಿಂದ 2 ನಿಮಿಷ ಮುಂದಕ್ಕೆ ಹೋಗುತ್ತದೆ. ನನ್ನ ಆಯ್ಕೆ ಇದೇ. ನೆಟ್‌ವರ್ಕ್ ನಿಧಾನ ಇರುವವರಿಗೂ ಉತ್ತರಿಸಲು ಅವಕಾಶ ಸಿಗುತ್ತದೆ, ಬಿಡ್ ಲಾಕ್‌ಗೆ ಕಾಯುತ್ತಿರುವಾಗ ಸಮಯ ಮುಗಿಯಿತು ಅನ್ನುವ ಜಗಳ ಬಹಳಷ್ಟು ತಪ್ಪುತ್ತದೆ.

ಟೈಮರ್ ಬಗ್ಗೆ ಹುಷಾರು. ಜಾವಾಸ್ಕ್ರಿಪ್ಟ್‌ನ 'ಸೆಟ್ ಟೈಮ್‌ಔಟ್'ಗೆ ಕೊಡಬಹುದಾದ ಅತಿ ಹೆಚ್ಚಿನ ಸಮಯ 2147483647 ಮಿಲಿಸೆಕೆಂಡ್, ಅಂದರೆ ಸುಮಾರು 24.8 ದಿನ. 30 ದಿನದ ಹರಾಜಿಗೆ ನೋಡ್ ಜೆಎಸ್‌ನಲ್ಲಿ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಟೈಮರ್ ಇಟ್ಟರೆ ಅದು 30 ದಿನ ಕಾಯುವುದಿಲ್ಲ, ಹೆಚ್ಚುಕಡಿಮೆ ತಕ್ಷಣ ಓಡುತ್ತದೆ! ಆ ಟೈಮರ್ ನೇರವಾಗಿ 'ಮುಕ್ತಾಯ' ಅಂತ ಬರೆಯುವಂತಿದ್ದರೆ ಹರಾಜು ಶುರುವಾದ ಕೂಡಲೇ ಮುಗಿದಿರುತ್ತದೆ. ಜೊತೆಗೆ ಸರ್ವರ್ ರೀಸ್ಟಾರ್ಟ್ ಆದರೆ ಮೆಮೊರಿಯ ಟೈಮರ್‌ಗಳೆಲ್ಲ ಮಾಯ.

ಆದ್ದರಿಂದ ಮುಗಿಯುವ ಸಮಯ ಡೇಟಾಬೇಸ್‌ನಲ್ಲಿ ಇರಲಿ. ಒಂದು ಚಿಕ್ಕ ಜಾಬ್ ಸೆಕೆಂಡಿಗೊಮ್ಮೆ 'ಚಾಲ್ತಿಯಲ್ಲಿದ್ದು ಸಮಯ ದಾಟಿದ ಹರಾಜುಗಳು ಯಾವುವು' ಅಂತ ಕೇಳಲಿ. ಹಲವು ಸರ್ವರ್‌ಗಳಲ್ಲಿ ಈ ಜಾಬ್ ಓಡಿದರೂ ತೊಂದರೆ ಇಲ್ಲ, ಪೋಸ್ಟ್‌ಗ್ರೆಸ್‌ನ 'ಸ್ಕಿಪ್ ಲಾಕ್ಡ್' ಬಳಸಿದರೆ ಒಂದೇ ಹರಾಜಿಗೆ ಇಬ್ಬರು ಕೈಹಾಕುವುದಿಲ್ಲ. ಆ ಕ್ಷಣದಲ್ಲಿ ಒಂದು ಬಿಡ್ ಲಾಕ್ ಹಿಡಿದಿದ್ದರೆ ಜಾಬ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ಮುಂದಿನ ಸುತ್ತಿನಲ್ಲಿ ಮತ್ತೆ ನೋಡುತ್ತದೆ. ಅಷ್ಟರಲ್ಲಿ ಸಮಯ ವಿಸ್ತರಣೆ ಆಗಿದ್ದರೆ ಅದು ಪಟ್ಟಿಯಲ್ಲೇ ಬರುವುದಿಲ್ಲ. ಮುಕ್ತಾಯವೂ ಬಿಡ್‌ನ ಹಾಗೆ ಅದೇ ಲಾಕ್ ಹಿಡಿಯಬೇಕು, ಅದೇ ಸರಣಿಯಲ್ಲಿ ಮುಂದಿನ ಕ್ರಮಸಂಖ್ಯೆ ಪಡೆಯಬೇಕು. ಹಾಗಾದಾಗ '58 ಕೊನೆಯ ಬಿಡ್, 59 ಮುಕ್ತಾಯ' ಅಂತ ದಾಖಲೆಯೇ ಹೇಳುತ್ತದೆ.

ಹಂತ 9: ದುಡ್ಡಿನ ಇತ್ಯರ್ಥ

ಗೆದ್ದವರಿಂದ ಹಣ ಪಡೆಯುವುದು, ಮಾರುವವರಿಗೆ ತಿಳಿಸುವುದು, ವಸ್ತು ಕಳಿಸುವುದು, ಹಣ ಬಿಡುಗಡೆ ಮಾಡುವುದು: ಇವು ಬೇರೆ ಬೇರೆ ಸೇವೆಗಳಲ್ಲಿ ನಡೆಯುತ್ತವೆ, ದಿನಗಟ್ಟಲೆ ಹಿಡಿಯುತ್ತವೆ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಹಿಡಿಸುವುದಿಲ್ಲ. ಇಲ್ಲಿ ಸಾಗಾ ಪ್ಯಾಟರ್ನ್. ಹೆಕ್ಟರ್ ಗಾರ್ಸಿಯಾ ಮೊಲಿನಾ ಮತ್ತು ಕೆನೆತ್ ಸೇಲಂ 1987ರಲ್ಲಿ ಇದನ್ನು ದೀರ್ಘಕಾಲ ನಡೆಯುವ ಡೇಟಾಬೇಸ್ ಕೆಲಸಗಳಿಗಾಗಿ ರೂಪಿಸಿದ್ದರು. ಪ್ರತಿ ಹೆಜ್ಜೆಗೂ ಅದನ್ನು ಸರಿದೂಗಿಸುವ ಇನ್ನೊಂದು ಹೆಜ್ಜೆ ಇರಬೇಕು. ಹಣ ಪಡೆದು ವಸ್ತು ಕಳಿಸಲಾಗದಿದ್ದರೆ ಹಣ ವಾಪಸ್. ಗೆದ್ದವರು ನಿಗದಿತ ಸಮಯದಲ್ಲಿ ಪಾವತಿಸದಿದ್ದರೆ ಎರಡನೇ ಸ್ಥಾನದವರಿಗೆ ಕೇಳುವುದೋ, ಮತ್ತೆ ಹರಾಜಿಗೆ ಇಡುವುದೋ, ಇದನ್ನು ಹಂತ 1ರ ನಿಯಮಗಳಲ್ಲೇ ಸೇರಿಸಿಡಿ. ಎರಡನೆಯವರಿಗೆ ಕೊಡುವಾಗ ಅವರ ಬೆಲೆ ಅವರು ಒಪ್ಪಿದ್ದ ಗರಿಷ್ಠವನ್ನು ಮೀರಬಾರದು. ಸಾಗಾ ಎಲ್ಲಿಗೆ ಬಂದಿದೆ ಅನ್ನುವುದನ್ನು ಟೇಬಲ್‌ನಲ್ಲಿ ಬರೆದಿಡಿ, ಪೇಮೆಂಟ್ ಕರೆಗೂ ಐಡೆಂಪೊಟೆನ್ಸಿ ಕೀ ಕೊಡಿ.

ಹಂತ 10: ಪರೀಕ್ಷೆ ಮತ್ತು ಮರುಲೆಕ್ಕ

ಗಡಿಯಾರವನ್ನು ಹೊರಗಿನಿಂದ ಕೊಡುವಂತೆ ಕೋಡ್ ಬರೆದರೆ '2 ನಿಮಿಷ ಕಾಯಿರಿ' ಅನ್ನುವ ಟೆಸ್ಟ್ ಬೇಕಾಗುವುದಿಲ್ಲ, ನಕಲಿ ಗಡಿಯಾರವನ್ನು ಮುಂದೆ ತಳ್ಳಿದರಾಯಿತು. ಬೆಲೆ ಲೆಕ್ಕದ ಫಂಕ್ಷನ್ ಶುದ್ಧವಾಗಿರುವುದರಿಂದ ಅದಕ್ಕೆ ಯಾದೃಚ್ಛಿಕ ಬಿಡ್‌ಗಳನ್ನು ಸಾವಿರಗಟ್ಟಲೆ ಸುರಿಯಿರಿ, ಪ್ರತಿ ಸಲವೂ ಮೂರು ಸಂಗತಿ ನೋಡಿ: ಬೆಲೆ ಎಂದೂ ಇಳಿಯಬಾರದು, ಬೆಲೆ ಮುಂದಿರುವವರ ಗರಿಷ್ಠವನ್ನು ಮೀರಬಾರದು, ಅತಿ ದೊಡ್ಡ ಗರಿಷ್ಠ ಒಪ್ಪಿತವಾದವರೇ ಮುಂದಿರಬೇಕು. ಉದಾಹರಣೆ ಬರೆದು ಹಿಡಿಯಲಾಗದ ತಪ್ಪುಗಳು ಹೀಗೆ ಸಿಕ್ಕಿಬೀಳುತ್ತವೆ.

ಲಾಕ್ ಪರೀಕ್ಷಿಸಲು ನಿಜವಾದ ಡೇಟಾಬೇಸ್ ಬೇಕು, ನಕಲಿ ಬೇಡ. 50 ಥ್ರೆಡ್‌ಗಳಿಂದ (ಒಟ್ಟಿಗೆ ಓಡುವ ಕೆಲಸದ ಎಳೆಗಳು) ಒಂದೇ ಹರಾಜಿಗೆ ಒಟ್ಟಿಗೆ ಬಿಡ್ ಹಾಕಿಸಿ, ಕ್ರಮಸಂಖ್ಯೆಗಳಲ್ಲಿ ಕಂಡಿ ಇದೆಯಾ, ಎರಡು ಸಲ ಬಂದಿದೆಯಾ ನೋಡಿ. ಒಂದು ಸಲ 'ಫಾರ್ ಅಪ್‌ಡೇಟ್' ತೆಗೆದು ಅದೇ ಟೆಸ್ಟ್ ಓಡಿಸಿ. ಅದು ಫೇಲ್ ಆಗದಿದ್ದರೆ ಟೆಸ್ಟ್ ಏನನ್ನೂ ಪರೀಕ್ಷಿಸುತ್ತಿಲ್ಲ.

ಬಿಡ್‌ಗಳ ದಾಖಲೆ ಪೂರ್ತಿ ಇರುವುದರಿಂದ ಇನ್ನೊಂದು ಅನುಕೂಲ ಇದೆ, ಈವೆಂಟ್ ಸೋರ್ಸಿಂಗ್ (ನಡೆದ ಘಟನೆಗಳ ದಾಖಲೆಯಿಂದಲೇ ಪರಿಸ್ಥಿತಿ ಕಟ್ಟುವುದು) ಪೂರ್ತಿ ಅಳವಡಿಸದೆಯೂ ಅದರ ಒಳ್ಳೆಯ ಭಾಗ ಸಿಗುತ್ತದೆ. ಮುಗಿದ ಪ್ರತಿ ಹರಾಜಿಗೂ 1ನೇ ಸಂಖ್ಯೆಯಿಂದ ಕೊನೆಯ ತನಕ ಬಿಡ್‌ಗಳನ್ನು ಮತ್ತೆ ಅದೇ ಫಂಕ್ಷನ್ ಮೂಲಕ ಓಡಿಸಿ. ಬರುವ ಬೆಲೆ ಮತ್ತು ಗೆದ್ದವರ ಹೆಸರು ಹರಾಜಿನ ಸಾಲಿನಲ್ಲಿ ಇರುವುದಕ್ಕೆ ತಾಳೆಯಾಗಬೇಕು. ನಿಯಮ ಮುಂದೆ ಬದಲಾಗಬಹುದಾದ್ದರಿಂದ ಯಾವ ವರ್ಷನ್‌ನ ನಿಯಮದಲ್ಲಿ ಆ ಹರಾಜು ನಡೆಯಿತು ಅನ್ನುವುದೂ ಸಾಲಿನಲ್ಲಿ ಇರಲಿ. ಈ ಮರುಲೆಕ್ಕವನ್ನು ಸಾಗಾದ ಮೊದಲ ಹೆಜ್ಜೆಯಾಗಿಯೇ ಇಡಿ. ತಾಳೆಯಾಗದಿದ್ದರೆ ಆ ಹರಾಜಿನ ಪಾವತಿ ಅಲ್ಲೇ ನಿಲ್ಲಲಿ, ಒಬ್ಬ ಮನುಷ್ಯ ಬಂದು ದಾಖಲೆ ನೋಡಿ ಬಿಡುಗಡೆ ಮಾಡುವ ತನಕ ಯಾರ ಖಾತೆಯಿಂದಲೂ ಹಣ ಹೋಗಬಾರದು.